ನಾಣ್ಯದ ಮೇಲಿನ ನೆನಪು: ಗ್ರೀಕರ ಮುದ್ರೆಗಳು ಮತ್ತು ನಮ್ಮ ಕಾಲದ ಸ್ಮಾರಕ ನಾಣ್ಯಗಳು

ಬಸದಿಗೆ ಹೋದವರು ತೀರ್ಥಂಕರರ ಬಿಂಬವನ್ನು ಗುರುತಿಸುವುದು ಸಾಮಾನ್ಯವಾಗಿ ಮುಖವನ್ನು ನೋಡಿ ಅಲ್ಲ. ಪಾರ್ಶ್ವನಾಥರ ನಾಗಹೆಡೆಯಂತಹ ಕೆಲವು ಗುರುತುಗಳನ್ನು ಬಿಟ್ಟರೆ ಇಪ್ಪತ್ನಾಲ್ವರ ಮುಖದಲ್ಲಿಯೂ ಇರುವುದು ಒಂದೇ ಪ್ರಶಾಂತ ಭಾವ. ಪೀಠದ ಮೇಲಿನ ಲಾಂಛನವನ್ನು ಕಂಡ ಮೇಲೆಯೇ ಇವರು ವೃಷಭನಾಥರು, ಇವರು ಮುನಿಸುವ್ರತರು, ಇವರು ಮಹಾವೀರರು ಎಂದು ನಾವು ಕೈಮುಗಿಯುತ್ತೇವೆ. ಎತ್ತು, ಆಮೆ, ಸಿಂಹ ಇವು ಅಲಂಕಾರಕ್ಕಾಗಿ ಕಡೆದ ಚಿತ್ರಗಳಲ್ಲ. ಅಕ್ಷರವರಿಯದವನೂ ಓದಬಲ್ಲ ಹೆಸರುಗಳು.

ಪ್ರಾಚೀನ ಗ್ರೀಕರ ನಾಣ್ಯಗಳ ಚಿತ್ರಗಳನ್ನು ನಾನು ಮೊದಲು ನೋಡಿದಾಗ ನನಗೆ ನೆನಪಾದುದು ಈ ಲಾಂಛನಗಳೇ. ಏಜೀನಾ ದ್ವೀಪದ ನಾಣ್ಯದ ಮೇಲೆ ಆಮೆ. ಎಫೆಸಸ್ಸಿನ ನಾಣ್ಯದ ಮೇಲೆ ಜೇನುನೊಣ. ಮೆಟಪಾಂಟಮ್ ಎಂಬ ಊರು ತನ್ನ ಹೊಲಗಳ ಜವೆಗೋಧಿಯ ತೆನೆಯನ್ನು ಅಚ್ಚೊತ್ತಿತು. ಕೊರಿಂಥಿನದು ರೆಕ್ಕೆಯುಳ್ಳ ಕುದುರೆ. ರೋಡ್ಸ್ ದ್ವೀಪದವರು ಗುಲಾಬಿಯನ್ನು ಆರಿಸಿಕೊಂಡರು, ಏಕೆಂದರೆ ಗ್ರೀಕ್ ಭಾಷೆಯಲ್ಲಿ ಆ ಹೂವಿನ ಹೆಸರೂ ದ್ವೀಪದ ಹೆಸರೂ ಹೆಚ್ಚು ಕಡಿಮೆ ಒಂದೇ. ಅಥೆನ್ಸಿನ ಗೂಬೆಯಂತೂ ಲೋಕವಿಖ್ಯಾತ. ನಮ್ಮ ಆಮೆಗೂ ಏಜೀನಾದ ಆಮೆಗೂ ಯಾವ ಸಂಬಂಧವೂ ಇಲ್ಲವೆಂದು ಇಲ್ಲಿಯೇ ಹೇಳಿಬಿಡುವುದು ಕ್ಷೇಮ. ಹೋಲಿಕೆ ಕಂಡಲ್ಲೆಲ್ಲ ಸಂಬಂಧವನ್ನು ಕಲ್ಪಿಸುವ ಉತ್ಸಾಹ ನಮ್ಮವರಲ್ಲಿ ಸ್ವಲ್ಪ ಹೆಚ್ಚು. ನಾನು ಹೇಳುತ್ತಿರುವುದು ಚಿಹ್ನೆಯೊಂದು ಮಾಡುವ ಕೆಲಸದ ಸಾಮ್ಯವನ್ನು ಮಾತ್ರ.

ನಾಣ್ಯವೆಂಬುದು ಈಗಿನ ಟರ್ಕಿ ದೇಶದ ಪಶ್ಚಿಮ ಭಾಗದಲ್ಲಿದ್ದ ಲಿಡಿಯಾದಲ್ಲಿಯೂ ಅದರ ನೆರೆಯ ಗ್ರೀಕ್ ಪಟ್ಟಣಗಳಲ್ಲಿಯೂ ಕ್ರಿ.ಪೂ. 7ನೆಯ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿತೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಅಲ್ಲಿಂದ ನೂರು ವರ್ಷಗಳೊಳಗೆ ಅದು ಗ್ರೀಕ್ ನಗರಗಳಿಗೆಲ್ಲ ಹರಡಿತು. ನಾಣ್ಯಕ್ಕೆ ಮುದ್ರೆಯೇಕೆ? ಬೆಳ್ಳಿಯ ತುಂಡನ್ನು ಪ್ರತಿ ಸಲವೂ ತಕ್ಕಡಿಯಲ್ಲಿಟ್ಟು ಒರೆಗಲ್ಲಿಗೆ ಉಜ್ಜಿ ನೋಡುವ ತೊಡಕು ತಪ್ಪಲೆಂದು. ಈ ತುಂಡಿನ ತೂಕಕ್ಕೂ ಶುದ್ಧಿಗೂ ನಾವು ಹೊಣೆ ಎಂದು ಒಂದು ನಗರ ತನ್ನ ಲಾಂಛನವನ್ನೊತ್ತಿ ಹೇಳುತ್ತದೆ. ಆದುದರಿಂದ ಮುದ್ರೆ ಒಂದು ಪ್ರತಿಜ್ಞೆ. ಅದರ ಸೌಂದರ್ಯ ಆಮೇಲಿನ ಮಾತು.

ಅಥೆನ್ಸ್ ಈ ಪ್ರತಿಜ್ಞೆಯನ್ನು ಹೇಗೆ ಕಾಪಾಡಿಕೊಂಡಿತೆಂಬುದು ವ್ಯಾಪಾರಸ್ಥರು ಗಮನಿಸಬೇಕಾದ ವಿಷಯ. ಅಲ್ಲಿಯ ನಾಲ್ಕು ದ್ರಖ್ಮದ ಬೆಳ್ಳಿ ನಾಣ್ಯ ಸುಮಾರು 17.2 ಗ್ರಾಂ ತೂಗುತ್ತಿತ್ತು. ಒಂದು ಕಡೆ ಶಿರಸ್ತ್ರಾಣ ಧರಿಸಿದ ಅಥೀನಾ ದೇವಿಯ ತಲೆ. ಇನ್ನೊಂದು ಕಡೆ ಗೂಬೆ, ಆಲಿವ್ ಎಲೆಗಳ ಕುಡಿ, ಸಣ್ಣದೊಂದು ಚಂದ್ರಕಲೆ, ನಗರದ ಹೆಸರಿನ ಮೂರು ಅಕ್ಷರಗಳು. ಬೆಳ್ಳಿ ಬರುತ್ತಿದ್ದುದು ಹತ್ತಿರದ ಲಾರಿಯನ್ ಗಣಿಗಳಿಂದ. ಕ್ರಿ.ಪೂ. 483ರ ಸುಮಾರಿಗೆ ಅಲ್ಲಿ ಹೊಸ ನಿಕ್ಷೇಪ ಸಿಕ್ಕಾಗ ಆ ಬೆಳ್ಳಿಯನ್ನು ಪೌರರಿಗೆ ಹಂಚುವ ಬದಲು ಹಡಗುಗಳನ್ನು ಕಟ್ಟಿಸಬೇಕೆಂದು ಥೆಮಿಸ್ಟೊಕ್ಲೀಸ್ ಸಭೆಯನ್ನು ಒಪ್ಪಿಸಿದನು. ಆ ಹಡಗುಗಳೇ ಕ್ರಿ.ಪೂ. 480ರ ಸಲಾಮಿಸ್ ಕದನದಲ್ಲಿ ಪರ್ಷಿಯನರನ್ನು ಸೋಲಿಸಿದುವು. ಅಷ್ಟು ದೊಡ್ಡ ಜಯವಾದ ಮೇಲೂ ಅಥೆನ್ಸಿನವರು ತಮ್ಮ ನಾಣ್ಯದ ಮೇಲೆ ಹಡಗನ್ನಾಗಲಿ ಥೆಮಿಸ್ಟೊಕ್ಲೀಸನನ್ನಾಗಲಿ ಬಿಡಿಸಲಿಲ್ಲ. ಅದೇ ದೇವಿ, ಅದೇ ಗೂಬೆ. ಶಿಲ್ಪಕಲೆ ಎಷ್ಟೋ ಮುಂದುವರಿದ ಮೇಲೂ ನಾಣ್ಯದ ಮೇಲಿನ ಅಥೀನಾಳ ಕಣ್ಣು ಬಹುಕಾಲ ಹಳೆಯ ಕ್ರಮದಲ್ಲಿಯೇ, ಪಕ್ಕದಿಂದ ನೋಡುವ ಮುಖದಲ್ಲಿ ಎದುರಿನಿಂದ ಕಾಣುವ ಕಣ್ಣಿನಂತೆ ಉಳಿಯಿತು. ದೂರದ ಈಜಿಪ್ಟಿನ ವರ್ತಕ ಆ ಹಳೆಯ ಮುಖವನ್ನೇ ನಂಬಿದ್ದನು. ನಂಬಿಕೆಯನ್ನು ಗಳಿಸಿದ ಅಂಗಡಿಯವನು ತನ್ನ ಫಲಕವನ್ನು ಪದೇಪದೇ ಬದಲಾಯಿಸುವುದಿಲ್ಲ.

1970ರಲ್ಲಿ ಅಥೆನ್ಸಿನ ಹಳೆಯ ಪೇಟೆಯ ಉತ್ಖನನದಲ್ಲಿ ಒಂದು ಶಿಲಾಶಾಸನ ದೊರೆಯಿತು. ಅದು ಕ್ರಿ.ಪೂ. 375ರ ಕಾನೂನು. ಅದರ ಪ್ರಕಾರ ಪೇಟೆಯಲ್ಲಿ ಹಣ ವಿನಿಮಯದ ಮೇಜುಗಳ ನಡುವೆ ನಾಣ್ಯಪರೀಕ್ಷಕನೊಬ್ಬ ಕುಳಿತಿರಬೇಕು. ಅವನು ಸಾರ್ವಜನಿಕ ಗುಲಾಮ. ಒಳಗೆ ತಾಮ್ರವೋ ಸೀಸವೋ ಇದ್ದು ಮೇಲೆ ಬೆಳ್ಳಿ ಹೊದಿಸಿದ ನಾಣ್ಯ ಬಂದರೆ ಅವನು ಕೂಡಲೇ ಅದನ್ನು ಕಡಿದು ದೇವಮಾತೆಗೆ ಮೀಸಲಿಡಬೇಕು. ಅದು ಮತ್ತೆ ಪೇಟೆಗೆ ಬರಕೂಡದು. ಅಥೆನ್ಸಿನ ಮುದ್ರೆಯನ್ನೇ ಅನುಕರಿಸಿ ಬೇರೆಡೆ ಟಂಕಿಸಿದ, ಆದರೆ ಬೆಳ್ಳಿ ಶುದ್ಧವಾಗಿರುವ ನಾಣ್ಯವಾದರೆ ತಂದವನಿಗೆ ಹಿಂದಿರುಗಿಸಬೇಕು. ಪರೀಕ್ಷಕ ಒಪ್ಪಿದ ನಾಣ್ಯವನ್ನು ನಿರಾಕರಿಸಿದ ವ್ಯಾಪಾರಿಯ ಆ ದಿನದ ಸರಕೆಲ್ಲ ಮುಟ್ಟುಗೋಲು. ಪರೀಕ್ಷಕ ತನ್ನ ಕೆಲಸ ಬಿಟ್ಟರೆ ಅವನಿಗೆ ಐವತ್ತು ಛಡಿಯೇಟು. ಶಿಕ್ಷೆಯ ಭಾರ ಗುಲಾಮನ ಬೆನ್ನಿನ ಮೇಲೆ ಬಿದ್ದುದು ಆ ಕಾಲದ ಕ್ರೌರ್ಯ, ಅದನ್ನು ಮೆಚ್ಚಲಾಗದು. ಆದರೆ ಕಾನೂನಿನ ಉದ್ದೇಶ ನಮಗೆ ಅಪರಿಚಿತವಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾಣ್ಯ ಪರೀಕ್ಷಿಸುವ ರೂಪದರ್ಶಕನೆಂಬ ಅಧಿಕಾರಿ ಇದ್ದಾನೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ಹೀನಾಧಿಕ ಮಾನೋನ್ಮಾನದ ಜೊತೆಗೆ ಪ್ರತಿರೂಪಕ ವ್ಯವಹಾರವನ್ನೂ ಸೇರಿಸಿದ್ದಾರೆ. ಅಸಲಿನಂತೆ ತೋರುವ ನಕಲನ್ನು ದಾಟಿಸುವುದು ಕದ್ದದ್ದಕ್ಕೆ ಸಮೀಪದ ದೋಷವೆಂದು ಅದರ ಅರ್ಥ. ಗೃಹಸ್ಥರಲ್ಲಿಯೂ ವಿಶೇಷವಾಗಿ ತಕ್ಕಡಿ ಹಿಡಿದವರಿಗೆ ಹೇಳಿದ ಮಾತಿದು.

ಇಂತಹ ಅಥೆನ್ಸ್ ಕೂಡ ಒಮ್ಮೆ ಮಾತು ತಪ್ಪಿತು. ಪೆಲೊಪೊನೀಸಿಯನ್ ಯುದ್ಧದ ಕೊನೆಯ ವರ್ಷಗಳಲ್ಲಿ ಬೊಕ್ಕಸ ಬರಿದಾದಾಗ ತಾಮ್ರದ ಮೇಲೆ ಬೆಳ್ಳಿ ಹೊದಿಸಿದ ನಾಣ್ಯಗಳನ್ನು ಸ್ವತಃ ನಗರವೇ ಹೊರಡಿಸಿತು. ಕ್ರಿ.ಪೂ. 405ರಲ್ಲಿ ಪ್ರದರ್ಶನಗೊಂಡ ‘ಕಪ್ಪೆಗಳು’ ಎಂಬ ನಾಟಕದಲ್ಲಿ ಅರಿಸ್ಟೋಫನೀಸನು, ಹಳೆಯ ಒಳ್ಳೆಯ ನಾಣ್ಯಗಳನ್ನು ಬಿಟ್ಟು ಹೊಸ ಕೆಟ್ಟ ನಾಣ್ಯಗಳನ್ನು ಬಳಸುವ ಊರು ನಾಯಕರ ಆಯ್ಕೆಯಲ್ಲಿಯೂ ಹಾಗೆಯೇ ಮಾಡುತ್ತಿದೆಯೆಂದು ಹಂಗಿಸಿದ್ದಾನೆ.

ಹಾಗಾದರೆ ಗ್ರೀಕರಲ್ಲಿ ಸ್ಮಾರಕ ನಾಣ್ಯಗಳೇ ಇರಲಿಲ್ಲವೇ? ಇದ್ದುವು, ಆದರೆ ಹೆಚ್ಚಿನವು ಅರಸರವು, ಪೌರರವಲ್ಲ. ರೇಜಿಯನ್ನಿನ ಪ್ರಭು ಅನಾಕ್ಸಿಲಾಸನು ಕ್ರಿ.ಪೂ. 480ರ ಸುಮಾರಿನಲ್ಲಿ ಒಲಿಂಪಿಯಾದ ಹೇಸರಗತ್ತೆ ಬಂಡಿಯ ಪಂದ್ಯದಲ್ಲಿ ಗೆದ್ದು ಆ ಬಂಡಿಯನ್ನೇ ನಾಣ್ಯದ ಮೇಲೆ ಏರಿಸಿದನು. ಮ್ಯಾಸಿಡೋನಿಯಾದ ಎರಡನೆಯ ಫಿಲಿಪ್ ಕ್ರಿ.ಪೂ. 356ರಲ್ಲಿ ಅವನ ಕುದುರೆ ಒಲಿಂಪಿಯಾದಲ್ಲಿ ಗೆದ್ದ ನೆನಪಿಗೆ ಸವಾರನಿರುವ ಕುದುರೆಯನ್ನು ಬೆಳ್ಳಿಯಲ್ಲಿ ಒತ್ತಿಸಿದನು. ಮಗ ಅಲೆಕ್ಸಾಂಡರ್ ಹುಟ್ಟಿದ ಸುದ್ದಿಯೂ ಅದೇ ಸಮಯಕ್ಕೆ ಅವನಿಗೆ ಮುಟ್ಟಿತೆಂದು ಪ್ಲೂಟಾರ್ಕ್ ಬರೆದಿದ್ದಾನೆ. ಸಿಸಿಲಿಯ ಸಿರಕ್ಯೂಸಿನ ಹತ್ತು ದ್ರಖ್ಮದ ನಾಣ್ಯಗಳನ್ನು ಕಲಾರಸಿಕರು ಇಡೀ ಜಗತ್ತಿನ ಅತಿ ಸುಂದರ ನಾಣ್ಯಗಳೆನ್ನುತ್ತಾರೆ. ಸುಮಾರು 43 ಗ್ರಾಂ ಬೆಳ್ಳಿ. ಸುತ್ತ ಮೀನುಗಳಂತೆ ಈಜುವ ಡಾಲ್ಫಿನ್‌ಗಳ ನಡುವೆ ಅರೆಥೂಸಾ ದೇವಿಯ ಮುಖ. ಹಿಂದೆ ನಾಲ್ಕು ಕುದುರೆಗಳ ರಥ, ಸಾರಥಿಗೆ ಹೂಮುಡಿಸಲು ಹಾರಿಬರುವ ವಿಜಯದೇವತೆ. ಅಚ್ಚು ಕೊರೆದ ಕಿಮೋನ್, ಯುವೈನೆಟೋಸ್ ಎಂಬವರು ತಮ್ಮ ಹೆಸರನ್ನೂ ಅದರಲ್ಲಿ ಕೊರೆದಿದ್ದಾರೆ. ಇದಕ್ಕೂ ಹಿಂದಿನ ಇನ್ನೊಂದು ಸಿರಕ್ಯೂಸ್ ನಾಣ್ಯವನ್ನು ಕ್ರಿ.ಪೂ. 480ರ ಹಿಮೆರಾ ವಿಜಯದ ನಂತರ ರಾಣಿ ಡೆಮರೆಟೆ ಹೊರಡಿಸಿದಳೆಂದು ವಿದ್ವಾಂಸರು ಬಹುಕಾಲ ನಂಬಿದ್ದರು. ಈಗ ಅದರ ಕಾಲವನ್ನು ಒಂದೆರಡು ದಶಕ ಈಚೆಗೆ ತಂದಿದ್ದಾರೆ. ಒಂದು ಸುಂದರ ಕಥೆಗೆ ಒಂದು ಸುಂದರ ನಾಣ್ಯವನ್ನು ಗಂಟುಹಾಕುವ ಚಪಲ ಪಂಡಿತರಿಗೂ ತಪ್ಪಿದ್ದಲ್ಲ.

ನಮಗೆ ಹತ್ತಿರದ್ದು ಆನೆಯ ಕಥೆ. ಕ್ರಿ.ಪೂ. 326ರಲ್ಲಿ ಝೇಲಂ ನದಿಯ ದಡದಲ್ಲಿ ಪೌರವ ರಾಜನೊಡನೆ ನಡೆದ ಯುದ್ಧದ ನೆನಪಿಗೆಂದು ಅಲೆಕ್ಸಾಂಡರನ ಕಾಲದಲ್ಲಿ ದೊಡ್ಡದೊಂದು ಬೆಳ್ಳಿಯ ನಾಣ್ಯ ಹೊರಟಿತು. ಅದರ ಒಂದು ಕಡೆ ಕುದುರೆಯ ಸವಾರನು ಹಿಮ್ಮೆಟ್ಟುತ್ತಿರುವ ಆನೆಯನ್ನು ಈಟಿಯಿಂದ ತಿವಿಯುತ್ತಿದ್ದಾನೆ. ಆನೆಯ ಮೇಲೆ ಇಬ್ಬರು. ಇನ್ನೊಂದು ಕಡೆ ಕೈಯಲ್ಲಿ ಸಿಡಿಲನ್ನು ಹಿಡಿದು ನಿಂತ ಅಲೆಕ್ಸಾಂಡರನಿಗೆ ವಿಜಯದೇವತೆ ಮಾಲೆ ತೊಡಿಸುತ್ತಿದ್ದಾಳೆ. ಸಿಡಿಲು ಅವರ ದೇವರಾಜ ಝ್ಯೂಸನ ಆಯುಧ. ಮನುಷ್ಯನೊಬ್ಬ ನಾಣ್ಯದ ಮೇಲೆ ದೇವರಾಗುವುದನ್ನು ನಾವು ಇಲ್ಲಿ ಕಣ್ಣಾರೆ ಕಾಣುತ್ತೇವೆ. ಇಂದಿನ ಅರ್ಥದಲ್ಲಿ ಸ್ಮಾರಕ ನಾಣ್ಯವೆನ್ನಬಹುದಾದದ್ದು ನನ್ನ ಮಟ್ಟಿಗೆ ಇದೇ. ಇದರಲ್ಲಿ ಊರಿನ ಹೊಣೆಯ ಗುರುತಿಲ್ಲ, ಗೆದ್ದವನ ಹೊಗಳಿಕೆಯಿದೆ.

ಅಲೆಕ್ಸಾಂಡರನ ನಂತರ ಅವನ ಪೂರ್ವದ ರಾಜ್ಯ ಸೆಲ್ಯೂಕಸನ ಪಾಲಾಯಿತು. ಅವನು ಕ್ರಿ.ಪೂ. 303ರ ಸುಮಾರಿಗೆ ಚಂದ್ರಗುಪ್ತ ಮೌರ್ಯನೊಡನೆ ಸಂಧಿ ಮಾಡಿಕೊಂಡು ಸಿಂಧೂ ನದಿಯ ಆಚೆಯ ಪ್ರಾಂತ್ಯಗಳನ್ನು ಬಿಟ್ಟುಕೊಟ್ಟು 500 ಆನೆಗಳನ್ನು ಪಡೆದನೆಂದು ಗ್ರೀಕ್ ಲೇಖಕರು ಹೇಳುತ್ತಾರೆ. ಕ್ರಿ.ಪೂ. 301ರ ಇಪ್ಸಸ್ ಯುದ್ಧದಲ್ಲಿ ಆ ಆನೆಗಳೇ ಅವನಿಗೆ ಜಯ ತಂದವು. ಸೆಲ್ಯೂಕಸನ ನಾಣ್ಯಗಳಲ್ಲಿ ಅಥೀನಾ ದೇವಿಯ ರಥವನ್ನು ಎಳೆಯುವುದು ಕುದುರೆಗಳಲ್ಲ, ಆನೆಗಳು. ಅವುಗಳಿಗೆ ಕೊಂಬನ್ನೂ ಮೂಡಿಸಿ ದೈವತ್ವ ಕೊಟ್ಟಿದ್ದಾರೆ. ಚಂದ್ರಗುಪ್ತನ ಗಜಶಾಲೆಯ ಆನೆ ಹೀಗೆ ಗ್ರೀಕರ ಬೆಳ್ಳಿಯ ಮೇಲೆ ಸೇರಿತು.

ಇದೇ ಕಾಲದ ಚಂದ್ರಗುಪ್ತನ ನಾಣ್ಯ ಹೇಗಿತ್ತು? ಮೌರ್ಯರ ಕಾಲದ್ದೆಂದು ಗುರುತಿಸಿರುವ ಅಂಕಿತ ಮುದ್ರೆಯ ಬೆಳ್ಳಿ ತುಂಡುಗಳಲ್ಲಿ ಸೂರ್ಯ, ಚಕ್ರ, ಬೆಟ್ಟ, ಪ್ರಾಣಿ ಮೊದಲಾದ ಸಣ್ಣ ಗುರುತುಗಳಿವೆ. ಅರಸನ ಮುಖವಿಲ್ಲ, ಹೆಸರಿಲ್ಲ, ಗೆದ್ದ ಯುದ್ಧದ ಸುಳಿವಿಲ್ಲ. ಅಲೆಕ್ಸಾಂಡರನ ಸೇನಾಪತಿಯನ್ನು ಹಿಮ್ಮೆಟ್ಟಿಸಿದವನು ಅದನ್ನು ನಾಣ್ಯದ ಮೇಲೆ ಬರೆಸಲಿಲ್ಲ. ನಮ್ಮ ಪರಂಪರೆಯ ಪ್ರಕಾರ ಈತನೇ ರಾಜ್ಯವನ್ನು ತೊರೆದು ಭದ್ರಬಾಹು ಸ್ವಾಮಿಗಳನ್ನು ಅನುಸರಿಸಿ ಶ್ರವಣಬೆಳ್ಗೊಳಕ್ಕೆ ಬಂದು ಚಂದ್ರಗಿರಿಯ ಮೇಲೆ ಸಲ್ಲೇಖನ ವಿಧಿಯಿಂದ ದೇಹವನ್ನು ಬಿಟ್ಟವನು. ಆದುದರಿಂದ ಅವನ ನಾಣ್ಯದ ಮುಖವಿಲ್ಲದಿರುವಿಕೆಯೇ ಅವನ ವೈರಾಗ್ಯದ ಸಾಕ್ಷಿಯೆಂದು ಭಾಷಣ ಮಾಡಬಹುದು; ಒಂದು ಸಭೆಯಲ್ಲಿ ನಾನೇ ಮಾಡಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಅದು ಸರಿಯಲ್ಲವೆಂದು ಈಗ ಒಪ್ಪಿಕೊಳ್ಳುತ್ತೇನೆ. ಅವನಿಗೆ ಮುಂಚಿನಿಂದಲೂ ಭಾರತದ ಅಂಕಿತ ನಾಣ್ಯಗಳ ಕ್ರಮವೇ ಹಾಗಿತ್ತು. ಬಿಂದುಸಾರ ಅಶೋಕರ ಕಾಲದಲ್ಲಿಯೂ ಹಾಗೆಯೇ ಇತ್ತು. ನಾಣ್ಯ ಹೇಳದ ಮಾತನ್ನು ನಾಣ್ಯದ ಬಾಯಿಂದ ಹೇಳಿಸಿದರೆ ಅದೂ ಒಂದು ಬಗೆಯ ಪ್ರತಿರೂಪಕ ವ್ಯವಹಾರವೇ.

ನೆನಪಿಗಾಗಿಯೇ ನಾಣ್ಯ ಟಂಕಿಸಿದ ಇನ್ನೊಬ್ಬ ಗ್ರೀಕನನ್ನು ಹೆಸರಿಸಬೇಕು. ಕ್ರಿ.ಪೂ. 2ನೆಯ ಶತಮಾನದ ಆರಂಭದಲ್ಲಿ ಬ್ಯಾಕ್ಟ್ರಿಯಾವನ್ನು ಆಳಿದ ಅಗಾಥೊಕ್ಲೀಸನು ತನಗಿಂತ ಹಿಂದಿನ ಅಲೆಕ್ಸಾಂಡರ್, ಡಯೊಡೋಟಸ್, ಯೂಥಿಡೆಮಸ್ ಮೊದಲಾದವರ ಮುಖಗಳಿರುವ ಬೆಳ್ಳಿ ನಾಣ್ಯಗಳನ್ನು ಸಾಲಾಗಿ ಹೊರಡಿಸಿದನು. ನಾನು ಇವರ ಉತ್ತರಾಧಿಕಾರಿ ಎಂದು ಪ್ರಜೆಗಳಿಗೆ ತಿಳಿಸುವ ಅಗತ್ಯ ಅವನಿಗಿದ್ದಂತೆ ತೋರುತ್ತದೆ. ಸತ್ತವರನ್ನು ಸ್ಮರಿಸುವ ನಾಣ್ಯದಲ್ಲಿ ಬದುಕಿರುವವರ ಪ್ರಯೋಜನವೂ ಸೇರಿರುತ್ತದೆಂಬುದಕ್ಕೆ ಇದಕ್ಕಿಂತ ಹಳೆಯ ಉದಾಹರಣೆ ಬೇಕಿಲ್ಲ. ಆಫ್ಘಾನಿಸ್ತಾನದ ಐ ಖಾನುಮ್ ಎಂಬಲ್ಲಿ 1970ರಲ್ಲಿ ದೊರೆತ ಇದೇ ಅರಸನ ಚೌಕ ನಾಣ್ಯಗಳಲ್ಲಿ ಬಲರಾಮ ವಾಸುದೇವರ ರೂಪಗಳೂ ಬ್ರಾಹ್ಮೀ ಅಕ್ಷರಗಳೂ ಇವೆ. ಗ್ರೀಕರ ದ್ರಖ್ಮ ಎಂಬ ಹೆಸರು ‘ದ್ರಮ್ಮ’ವಾಗಿ ಕನ್ನಡ ಶಾಸನಗಳವರೆಗೂ ನಡೆದುಬಂದಿದೆ.

ಇನ್ನು ಆಧುನಿಕ ನಾಣ್ಯಗಳಿಗೆ ಬರೋಣ. ಗ್ರೀಕ್ ನಾಣ್ಯವನ್ನು ಕೈಯಲ್ಲಿ ಹಿಡಿದರೆ ಮುಖ ಉಬ್ಬಿ ಎದ್ದು ನಿಂತಿರುತ್ತದೆ. ಕಾಯಿಸಿದ ಬೆಳ್ಳಿಯ ಬಿಲ್ಲೆಯನ್ನು ಅಡಿಗಲ್ಲಿನಲ್ಲಿ ಕೂರಿಸಿದ ಅಚ್ಚಿನ ಮೇಲಿಟ್ಟು, ಮೇಲಿನ ಅಚ್ಚನ್ನು ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಅಂಚು ಸಮವಾಗಿರುತ್ತಿರಲಿಲ್ಲ, ಚಿತ್ರ ಕೆಲವೊಮ್ಮೆ ಒಂದು ಕಡೆ ಜಾರಿರುತ್ತಿತ್ತು. 1905ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಹಳೆಯ ಗ್ರೀಕ್ ನಾಣ್ಯಗಳ ಈ ಉಬ್ಬನ್ನು ಮೆಚ್ಚಿ, ನಮ್ಮ ಚಿನ್ನದ ನಾಣ್ಯಗಳೂ ಹಾಗೇಕಿರಬಾರದೆಂದು ಶಿಲ್ಪಿ ಸೇಂಟ್ ಗಾಡೆನ್ಸನಿಗೆ ಪತ್ರ ಬರೆದನು. ಶಿಲ್ಪಿ ಮಾಡಿಕೊಟ್ಟ 20 ಡಾಲರಿನ ನಾಣ್ಯ ಅತಿ ಸುಂದರವಾಗಿಯೇ ಇತ್ತು. ಆದರೆ ಯಂತ್ರದಲ್ಲಿ ಅದಕ್ಕೆ ಒಂದೇಟು ಸಾಲದೆ ಮತ್ತೆ ಮತ್ತೆ ಒತ್ತಬೇಕಾಯಿತು, ಒಂದರ ಮೇಲೊಂದು ಇಟ್ಟರೆ ನಿಲ್ಲುತ್ತಿರಲಿಲ್ಲ. ಕೊನೆಗೆ 1907ರಲ್ಲಿಯೇ ಉಬ್ಬನ್ನು ತಗ್ಗಿಸಿ ಟಂಕಿಸಿದರು. ಕಲಾವಿದರು ಇದನ್ನು ದುರಂತವೆನ್ನುತ್ತಾರೆ. ಸಂಜೆ ಗಲ್ಲಾಪೆಟ್ಟಿಗೆ ಎಣಿಸುವಾಗ ಹತ್ತು ಹತ್ತು ನಾಣ್ಯಗಳ ಅಡುಕು ಕಟ್ಟುವ ನನ್ನಂತಹವನಿಗೆ ಬ್ಯಾಂಕಿನವರ ಕಷ್ಟವೂ ಅರ್ಥವಾಗುತ್ತದೆ.

ಆಕಾರಕ್ಕಿಂತ ದೊಡ್ಡ ವ್ಯತ್ಯಾಸ ಬಳಕೆಯಲ್ಲಿದೆ. ಅಮೆರಿಕದ ಮೊದಲ ಸ್ಮಾರಕ ನಾಣ್ಯವಾದ 1892ರ ಕೊಲಂಬಸ್ ಅರ್ಧ ಡಾಲರನ್ನು ಷಿಕಾಗೋ ಪ್ರದರ್ಶನದ ಸಹಾಯಾರ್ಥವಾಗಿ ಒಂದು ಡಾಲರಿಗೆ ಮಾರಿದರು. ಹುಟ್ಟಿದಾಗಲೇ ಮುಖಬೆಲೆಗೂ ಮಾರಾಟದ ಬೆಲೆಗೂ ಎರಡು ಪಟ್ಟು ಅಂತರ. ಮಾರಾಟವಾಗದೆ ಉಳಿದವು ಆಮೇಲೆ ಸಾಮಾನ್ಯ ಚಿಲ್ಲರೆಯಾಗಿ ಹೊರಬಿದ್ದುವು. ಇದಕ್ಕೆ ವಿರುದ್ಧವಾಗಿ, 2004ರ ಅಥೆನ್ಸ್ ಒಲಿಂಪಿಕ್ಸಿಗಾಗಿ ಗ್ರೀಸ್ ಹೊರಡಿಸಿದ ಚಕ್ರ ಎಸೆಯುವವನ ಎರಡು ಯೂರೋ ನಾಣ್ಯ, ಯೂರೋ ವಲಯದ ಮೊದಲ ಸ್ಮಾರಕ ನಾಣ್ಯ, ಎಲ್ಲ ಅಂಗಡಿಗಳಲ್ಲಿಯೂ ನಡೆಯಿತು. ಅದೇ ದೇಶದ ಸಾಮಾನ್ಯ ಒಂದು ಯೂರೋ ನಾಣ್ಯದ ಮೇಲೆ ಕ್ರಿ.ಪೂ. 5ನೆಯ ಶತಮಾನದ ಗೂಬೆಯ ನಾಣ್ಯದ ಚಿತ್ರವನ್ನೇ ಅಚ್ಚೊತ್ತಿದ್ದಾರೆ. ನಮ್ಮ ದೇಶದಲ್ಲಿ 1964ರ ನೆಹರೂ ನಾಣ್ಯಗಳು ಮೊದಲನೆಯವು. 1969ರ ಗಾಂಧೀ ಶತಮಾನೋತ್ಸವದ ಹತ್ತು ರೂಪಾಯಿ ಬೆಳ್ಳಿಯದು, 15 ಗ್ರಾಂ; ಅದರ ಜೊತೆಗೇ ಬಂದ ಸಣ್ಣ ನಾಣ್ಯಗಳು ತರಕಾರಿ ಪೇಟೆಯಲ್ಲಿ ಓಡಾಡಿದುವು. ಆಮೇಲಾಮೇಲೆ ನೂರು ರೂಪಾಯಿಯ ನಾಣ್ಯಗಳು ಬಂದುವು. ಅವು ಬಹುಕಾಲ 44 ಮಿಲಿಮೀಟರ್ ಅಗಲ, 35 ಗ್ರಾಂ ತೂಕ, ಅರ್ಧಪಾಲು ಬೆಳ್ಳಿಯವು. ಟಂಕಸಾಲೆಯಿಂದ ಪೆಟ್ಟಿಗೆ ಸಹಿತ ಮುಖಬೆಲೆಗಿಂತ ಹೆಚ್ಚು ಬೆಲೆಗೆ ಸಿಗುತ್ತವೆ. ಅವುಗಳಿಂದ ಯಾರೂ ನೂರು ರೂಪಾಯಿಯ ಅಕ್ಕಿ ಕೊಳ್ಳುವುದಿಲ್ಲ.

ನಮ್ಮ ಸಮಾಜಕ್ಕೆ ಈ ಪ್ರಶ್ನೆ ಹತ್ತಿರದ್ದಾಗಿದೆ. 2001ರಲ್ಲಿ ಭಗವಾನ್ ಮಹಾವೀರರ 2600ನೆಯ ಜನ್ಮ ಕಲ್ಯಾಣಕದ ಐದು ರೂಪಾಯಿ ನಾಣ್ಯ ಬಂದಿತು. 2024ರ ಏಪ್ರಿಲ್ 21ರಂದು ನವದೆಹಲಿಯಲ್ಲಿ 2550ನೆಯ ನಿರ್ವಾಣ ಮಹೋತ್ಸವದ ನಾಣ್ಯವನ್ನು ಪ್ರಧಾನಮಂತ್ರಿಗಳು ಬಿಡುಗಡೆ ಮಾಡಿದರು. 2025ರ ಫೆಬ್ರವರಿಯಲ್ಲಿ ಡೊಂಗರಗಢದಲ್ಲಿ ಆಚಾರ್ಯ ವಿದ್ಯಾಸಾಗರ ಮಹಾರಾಜರ ನೆನಪಿನ ನೂರು ರೂಪಾಯಿ ನಾಣ್ಯ, ಅದೇ ಜೂನ್ ತಿಂಗಳಲ್ಲಿ ಆಚಾರ್ಯ ವಿದ್ಯಾನಂದ ಮಹಾರಾಜರ ಜನ್ಮಶತಾಬ್ದಿಯ ನಾಣ್ಯ. ಒಬ್ಬರು ಸದಲಗಾದವರು, ಇನ್ನೊಬ್ಬರು ಶೇಡಬಾಳದವರು. ಇಬ್ಬರೂ ಬೆಳಗಾವಿ ಜಿಲ್ಲೆಯ ಮಣ್ಣಿನಿಂದ ಎದ್ದುಹೋದವರು. ನಮಗೆ ಹೆಮ್ಮೆಯಾಗುವುದು ಸಹಜ. ಆದರೆ ಹಣವನ್ನು ಕೈಯಿಂದ ಮುಟ್ಟದ, ತುಂಡು ಬಟ್ಟೆಯನ್ನೂ ಇಟ್ಟುಕೊಳ್ಳದ ಮುನಿಗಳ ಸ್ಮಾರಕ ಹಣದ ರೂಪದಲ್ಲಿಯೇ ಇರಬೇಕೆ? ಒಂದು ಸಮಾರಂಭದಲ್ಲಿ ಇಂತಹ ನಾಣ್ಯವನ್ನು ಕೊಂಡ ನಮ್ಮವರೇ ಒಬ್ಬರು ಸಂಜೆಯ ವೇಳೆಗೆ ಅದನ್ನು ಹೆಚ್ಚಿನ ಬೆಲೆಗೆ ಇನ್ನೊಬ್ಬರಿಗೆ ದಾಟಿಸಿದುದನ್ನು ನಾನು ಕಂಡಿದ್ದೇನೆ. ಅಪರಿಗ್ರಹದ ಮೂರ್ತಿಯನ್ನು ಪರಿಗ್ರಹಕ್ಕೆ ಒಂದು ಹೊಸ ವಸ್ತುವನ್ನಾಗಿ ಮಾಡಿದೆವಲ್ಲ ಎಂದು ಅಂದು ರಾತ್ರಿ ನಿದ್ರೆ ಬರಲಿಲ್ಲ. ಸರ್ಕಾರದ ಗೌರವ ದೊಡ್ಡದೇ. ಆದರೂ ಪೆಟ್ಟಿಗೆಯೊಳಗಿಟ್ಟು ಬೆಲೆ ಏರಲೆಂದು ಕಾಯುವ ನಾಣ್ಯಕ್ಕಿಂತ ಕೈಯಿಂದ ಕೈಗೆ ಹೋಗುವ ಐದು ರೂಪಾಯಿಯೇ ನನಗೆ ಮೇಲೆನಿಸುತ್ತದೆ.

ನಾಣ್ಯವೇ ಏಕೆ, ಕಲ್ಲೂ ಉಂಟಲ್ಲ ಎಂದು ಕೇಳುವವರಿಗೆ ನಮ್ಮ ನಾಡಿನದೇ ಉದಾಹರಣೆಯಿದೆ. ಹೊಯ್ಸಳ ವಿಷ್ಣುವರ್ಧನನು ಸುಮಾರು 1116ರಲ್ಲಿ ಚೋಳರಿಂದ ತಲಕಾಡನ್ನು ಗೆದ್ದ ಮೇಲೆ ‘ಶ್ರೀ ತಳಕಾಡುಗೊಂಡ’ ಎಂದು ಕನ್ನಡ ಅಕ್ಷರಗಳುಳ್ಳ ಚಿನ್ನದ ನಾಣ್ಯವನ್ನು ಟಂಕಿಸಿದನು. ಅಲೆಕ್ಸಾಂಡರನ ಆನೆಯ ನಾಣ್ಯದಂತೆ ಇದೂ ವಿಜಯಸ್ಮಾರಕವೇ, ಆದರೆ ಚಿತ್ರದಿಂದಲ್ಲ, ಬಿರುದಿನಿಂದ. ತಲಕಾಡನ್ನು ನಿಜವಾಗಿ ಗೆದ್ದುಕೊಟ್ಟ ದಂಡನಾಯಕ ಗಂಗರಾಜನ ಹೆಸರು ಆ ಚಿನ್ನದ ಮೇಲಿಲ್ಲ. ಅರಸನು ಮೆಚ್ಚಿ ಬೇಡಿಕೊಳ್ಳೆಂದಾಗ ಆತ ತನಗಾಗಿ ಏನನ್ನೂ ಬೇಡದೆ ಜಿನಪೂಜೆಗೆಂದು ಗ್ರಾಮವನ್ನು ಬೇಡಿ ದತ್ತಿ ಬಿಟ್ಟನೆಂಬುದು ಶ್ರವಣಬೆಳ್ಗೊಳದ ಶಾಸನಗಳಿಂದ ತಿಳಿಯುತ್ತದೆ.

2001ರ ಐದು ರೂಪಾಯಿ ನಾಣ್ಯ ನಮ್ಮ ಅಂಗಡಿಗೆ ಮೊದಲು ಬಂದಾಗ ತೀರ್ಥರೂಪರು ಗಲ್ಲಾದ ಪಕ್ಕದಲ್ಲಿಯೇ ಕುಳಿತಿದ್ದರು. ಅದನ್ನು ಕೈಗೆ ತೆಗೆದುಕೊಂಡು ಓದಿದರು. “ಇದನ್ನು ಚಿಲ್ಲರೆಗೆ ಕೊಡಬೇಡಪ್ಪ” ಎಂದರು. “ನಾಳೆ ಇದು ಸಾರಾಯಿ ಅಂಗಡಿಗೂ ಹೋಗುತ್ತದೆ, ಕಟುಕನ ಅಂಗಡಿಗೂ ಹೋಗುತ್ತದೆ. ಭಗವಂತನ ಹೆಸರಿದೆ.” ಅಲ್ಲಿಗೆ ಹೋದರೆ ಆ ಹೆಸರನ್ನು ಅಲ್ಲಿಯವರೂ ಓದುತ್ತಾರಲ್ಲ ಎಂದು ನಾನೆಂದೆ. ಅವರು ಉತ್ತರ ಕೊಡಲಿಲ್ಲ. ಪಂಚೆಯ ಅಂಚಿನಿಂದ ನಾಣ್ಯವನ್ನು ಒರೆಸಿ ಮನೆಗೆ ಒಯ್ದು ದೇವರ ಕೋಣೆಯ ಹಿತ್ತಾಳೆ ಡಬ್ಬಿಯಲ್ಲಿಟ್ಟರು. ಅವರು ಹೋಗಿ ವರ್ಷಗಳಾದುವು. ಗಲ್ಲಾದಲ್ಲಿ ಅಪರೂಪಕ್ಕೆ ಅಂತಹ ನಾಣ್ಯ ಸಿಕ್ಕಾಗ, ಅಕ್ಷರಗಳು ಸವೆದು ನುಣುಪಾಗಿರುತ್ತವೆ, ನಾನು ಅದನ್ನು ಮುಂದಿನ ಗಿರಾಕಿಗೆ ಚಿಲ್ಲರೆಯಾಗಿ ಕೊಡುತ್ತೇನೆ. ಡಬ್ಬಿಯಲ್ಲಿರುವುದನ್ನು ಮಾತ್ರ ಇದುವರೆಗೂ ಮುಟ್ಟಿಲ್ಲ.